ಮೊದಲು ಬಾಟಲಿ ನೋಡು

ಲೇಪಾಕ್ಷಿಯ ವೀರಭದ್ರನ ಗುಡಿಗೆ ಬಂದವರಿಗೆ ಗೈಡುಗಳು ತಪ್ಪದೆ ತೋರಿಸುವುದು ಮೂರು: ನೆಲಕ್ಕೆ ಪೂರ್ತಿ ತಾಗದ ಕಂಬ, ಅರ್ಧಕ್ಕೇ ನಿಂತುಹೋದ ಕಲ್ಯಾಣಮಂಟಪ, ಅಲ್ಲೇ ಗೋಡೆಯ ಮೇಲಿನ ಎರಡು ಕೆಂಪು ಕಲೆ. ಅಚ್ಯುತರಾಯನ ಕಾಲದಲ್ಲಿ ಈ ಸೀಮೆಯ ಅಧಿಕಾರಿಯಾಗಿದ್ದ ವಿರೂಪಣ್ಣ ಬೊಕ್ಕಸದ ಹಣವನ್ನೆಲ್ಲ ಗುಡಿಗೆ ಸುರಿದನೆಂಬ ದೂರು ಅರಸನ ಕಿವಿಗೆ ಬಿತ್ತಂತೆ. ಕಣ್ಣು ಕೀಳಿಸಿ ಎಂದು ಆಜ್ಞೆಯಾಯಿತಂತೆ. ರಾಜಭಟರು ಬರುವ ಮೊದಲೇ ವಿರೂಪಣ್ಣ ತಾನೇ ಕಣ್ಣು ಕಿತ್ತು ಗೋಡೆಗೆ ಎಸೆದನಂತೆ. ಕಥೆ ಇಲ್ಲಿಗೆ ಮುಗಿದರೆ ಚೆನ್ನಾಗಿಯೇ ಇದೆ. ಆದರೆ 'ಲ್ಯಾಬಲ್ಲಿ ಟೆಸ್ಟ್ ಮಾಡಿದಾರೆ ಸಾರ್, ರಕ್ತವೇ ಅಂತ ಬಂದಿದೆ' ಎಂದು ಬಾಲ ಸೇರಿಸುವವರೂ ಸಿಗುತ್ತಾರೆ.

ನೀನೀಗ ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಸೇರಿದ್ದೀಯ, ಅದರಲ್ಲೂ ಅನಲಿಟಿಕಲ್ ಆರಿಸಿಕೊಂಡಿದ್ದೀಯ. ಮನೆಯಲ್ಲಿ ಯಾರೋ 'ಹಾಗಾದರೆ ಆ ಕಲೆ ರಕ್ತವೋ ಅಲ್ಲವೋ ಹೇಳು' ಎಂದು ಕೆಣಕಿರುತ್ತಾರೆ. ಹೌದು ಅಂತಲೂ ಹೇಳಬೇಡ, ಅಲ್ಲ ಅಂತಲೂ ಹೇಳಬೇಡ. ಯಾವ ಪರೀಕ್ಷೆ, ಯಾರು ಮಾಡಿದ್ದು, ಮಾದರಿ ಎಲ್ಲಿಂದ ತೆಗೆದದ್ದು, ಕಲೆಯಿಲ್ಲದ ಪಕ್ಕದ ಕಲ್ಲನ್ನೂ ಅದೇ ಕೈಯಲ್ಲಿ ಪರೀಕ್ಷಿಸಿದರೋ ಇಲ್ಲವೋ? ಈ ನಾಲ್ಕಕ್ಕೆ ಉತ್ತರ ಸಿಗದಿದ್ದರೆ ಅದು ಟೆಸ್ಟ್ ಅಲ್ಲ, ಕಥೆಯ ಇನ್ನೊಂದು ಅಧ್ಯಾಯ.

ರಕ್ತ ಹುಡುಕಲು ಪೊಲೀಸ್ ಪ್ರಯೋಗಾಲಯಗಳು ಬಳಸುವ ಪ್ರಾಥಮಿಕ ಪರೀಕ್ಷೆಗಳು ನಿನಗೆ ಗೊತ್ತಿರುತ್ತವೆ. ಕಾಸಲ್-ಮೇಯರ್ ಪರೀಕ್ಷೆಯಲ್ಲಿ ಬಣ್ಣ ಕಳೆದ ಫಿನಾಲ್ಫ್ತಲೀನಿಗೆ ಹೈಡ್ರೋಜನ್ ಪೆರಾಕ್ಸೈಡ್ ಸೇರಿಸಿದರೆ ರಕ್ತದ ಹಿಮೋಗ್ಲೋಬಿನ್ ಅದನ್ನು ಕ್ಷಣದಲ್ಲಿ ಗುಲಾಬಿ ಮಾಡುತ್ತದೆ. ಲ್ಯುಮಿನಾಲ್ ಆದರೆ ಕತ್ತಲಲ್ಲಿ ನೀಲಿಯಾಗಿ ಹೊಳೆಯುತ್ತದೆ. ಆದರೆ ಮೂಲಂಗಿಯಂಥ ಗೆಡ್ಡೆಗಳ ರಸಕ್ಕೂ ತಾಮ್ರದ ಲವಣಕ್ಕೂ ಬ್ಲೀಚಿಂಗ್ ಪುಡಿಗೂ ಇಂಥ ಪರೀಕ್ಷೆಗಳು ಮೋಸಹೋಗುತ್ತವೆ. ಆದ್ದರಿಂದಲೇ ಅವುಗಳ ಉತ್ತರ 'ರಕ್ತವಿರಬಹುದು, ಮುಂದಿನ ಪರೀಕ್ಷೆ ಮಾಡಿ' ಎನ್ನುವಷ್ಟಕ್ಕೇ ನಿಲ್ಲುತ್ತದೆ. ಸುಮಾರು ಐನೂರು ವರ್ಷ ಬಿಸಿಲು ಮಳೆ ತಿಂದ, ಸಾವಿರಾರು ಜನ ಎಣ್ಣೆ ಕುಂಕುಮದ ಕೈಯಲ್ಲಿ ಮುಟ್ಟಿದ ಕಲ್ಲಿನ ಮೇಲೆ ಅಂಥ ಒಂದು ಗುಲಾಬಿ ಬಣ್ಣಕ್ಕೆ ಏನು ಬೆಲೆ? ವಿರೂಪಣ್ಣನ ಕಥೆಗೆ ನಮ್ಮ ಸರ್ಟಿಫಿಕೇಟು ಬೇಕಾಗಿಲ್ಲ, ಅದು ತಾನಾಗಿಯೇ ನಿಂತಿದೆ. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಕುತೂಹಲಕ್ಕೆಂದು ಅಲ್ಲಿ ಉಗುರು ತಾಗಿಸಿದೆಯೋ, ನಿನ್ನ ಓದು ದಂಡ. ಅದು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕ. 2022ರಿಂದ ಯುನೆಸ್ಕೋದ ತಾತ್ಕಾಲಿಕ ಪಟ್ಟಿಯಲ್ಲೂ ಇದೆ.

ಕೆರೆಯದೆ ಏನು ತಿಳಿಯಬಹುದು ಎಂದು ಕೇಳುತ್ತೀಯಾದರೆ ಗುಡಿಯೊಳಗೆ ತಲೆಯೆತ್ತಿ ನೋಡು. ಮಂಟಪದ ಛಾವಣಿ ತುಂಬ ಚಿತ್ರ: ಪಾರ್ವತಿಯ ಮದುವೆ, ಕಿರಾತಾರ್ಜುನೀಯ, ಕರುವಿಗೆ ನ್ಯಾಯ ಕೊಟ್ಟ ಮನುನೀತಿ ಚೋಳ. ಸುಣ್ಣದ ಗಾರೆಯ ಮೇಲೆ ಕಾವಿ, ಹಳದಿ, ಕಪ್ಪು, ಬಿಳುಪು, ಹಸಿರು. ಸೀರೆಯ ಅಂಚುಗಳನ್ನು ನೋಡಿ ಫೋಟೋ ತೆಗೆದುಕೊಂಡು ಹೋಗುವವರು ಹೋಗಲಿ. ನೀನು ಒಂದು ಕೆಂಪಿನ ಮುಂದೆ ನಿಂತು ಯೋಚಿಸು. ಹಳೆಯ ಭಿತ್ತಿಚಿತ್ರಗಳಲ್ಲಿ ಕೆಂಪು ಮೂರು ದಾರಿಯಲ್ಲಿ ಬರಬಹುದು. ಕೆಮ್ಮಣ್ಣಿನದಾದರೆ ಅದು ಕಬ್ಬಿಣದ ಆಕ್ಸೈಡ್. ಇಂಗಳೀಕವಾದರೆ ಪಾದರಸದ ಸಲ್ಫೈಡ್. ಸಿಂಧೂರವಾದರೆ ಸೀಸದ ಆಕ್ಸೈಡ್. ಕಣ್ಣಿಗೆ ಮೂರೂ ಕೆಂಪೇ.

ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ ಯಂತ್ರ ಇಲ್ಲಿ ನೆರವಿಗೆ ಬರುತ್ತದೆ. ಕ್ಷ-ಕಿರಣ ಬಿದ್ದ ಪ್ರತಿ ಧಾತುವೂ ತನ್ನದೇ ಶಕ್ತಿಯ ಕಿರಣವನ್ನು ತಿರುಗಿ ಕಳಿಸುತ್ತದೆ. ಕಬ್ಬಿಣವೋ ಪಾದರಸವೋ ಸೀಸವೋ ಎನ್ನುವುದು ನಿಮಿಷದಲ್ಲಿ ಗೊತ್ತಾಗುತ್ತದೆ, ಗೋಡೆಗೆ ಏನೂ ಆಗದು. ಆದರೆ ಅದೇ ಯಂತ್ರವನ್ನು ಕಪ್ಪು ಗೆರೆಗೆ ಹಿಡಿ. ಕ್ಯಾಲ್ಸಿಯಂ ಇದೆ ಎನ್ನುತ್ತದೆ. ಅದು ಹಿಂದಿನ ಸುಣ್ಣ. ಕಪ್ಪಿನ ವಿಚಾರ ಕೇಳಿದರೆ ಸುಮ್ಮನಿರುತ್ತದೆ. ಕಾಡಿಗೆ ಅಂದರೆ ಇಂಗಾಲ, ಇಂಗಾಲದಂಥ ಹಗುರ ಧಾತು ಆ ಯಂತ್ರದ ಕಣ್ಣಿಗೆ ಬೀಳುವುದೇ ಇಲ್ಲ. ಅಲ್ಲಿಗೆ ರಾಮನ್ ಸ್ಪೆಕ್ಟ್ರೋಮೀಟರ್ ಬೇಕು. 1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ಸಿ.ವಿ. ರಾಮನ್ ಕಂಡ ಬೆಳಕಿನ ಚದುರುವಿಕೆಯೇ ಇದರ ಬೇರು. ಲೇಸರ್ ಬಂದ ಮೇಲೆ ಅದು ದಿನಬಳಕೆಯ ಸಾಧನವಾಯಿತು. ಕಾಡಿಗೆಯಾದರೆ ತರಂಗಸಂಖ್ಯೆ 1350 ಮತ್ತು 1580ರ ಆಸುಪಾಸಿನಲ್ಲಿ ಎರಡು ಅಗಲವಾದ ದಿಬ್ಬ ಏಳುತ್ತವೆ. ಅದು ಇಂಗಾಲದ ಗುರುತು.

ಯಂತ್ರ ಸುಮ್ಮನಿದ್ದರೆ ವಸ್ತು ಇಲ್ಲ ಎಂದಲ್ಲ. ಇದನ್ನು ಎಲ್ಲರೂ ಪರೀಕ್ಷೆಯಲ್ಲಿ ಬರೆಯುತ್ತಾರೆ, ಕೆಲಸಕ್ಕೆ ಸೇರಿದ ಮೇಲೆ ಮರೆಯುತ್ತಾರೆ. ಸ್ಪೆಕ್ಟ್ರೋಸ್ಕೋಪಿ ಕಲಿಯುವಾಗ ಬರೀ ಬಟನ್ನು ಕಲಿಯಬೇಡ. ಆ ಯಂತ್ರ ಯಾವುದನ್ನು ನೋಡಲಾರದು ಎನ್ನುವುದನ್ನು ಮೊದಲು ಬರೆದಿಟ್ಟುಕೋ. ಬೆಂಗಳೂರಿನಲ್ಲೇ ಹುಟ್ಟಿದ ಸಿ.ಎನ್.ಆರ್. ರಾವ್ ಇನ್ನೂ ಮೂವತ್ತು ತುಂಬುವ ಮೊದಲೇ ಅಲ್ಟ್ರಾವಯಲೆಟ್ ಮತ್ತು ಇನ್‌ಫ್ರಾರೆಡ್ ಸ್ಪೆಕ್ಟ್ರೋಸ್ಕೋಪಿಯ ಮೇಲೆ ಎರಡು ಪುಸ್ತಕ ಬರೆದರು, 1961ರಲ್ಲಿ ಒಂದು, 1963ರಲ್ಲಿ ಇನ್ನೊಂದು. ಲೈಬ್ರರಿಯ ಮೂಲೆಯಲ್ಲಿ ಸಿಕ್ಕರೆ ತಿರುವಿ ಹಾಕು. ಹಳೆಯ ಪುಸ್ತಕ ಎಂದು ಮೂಗು ಮುರಿಯಬೇಡ. ಅಣುಗಳು ಆಮೇಲೇನೂ ಬದಲಾಗಿಲ್ಲ.

ಇನ್ನು ನೀರಿಗೆ ಬರೋಣ. ನಿನ್ನ ಜೀವಮಾನದ ಅರ್ಧ ಕೆಲಸ ನೀರಿನದೇ ಆಗುತ್ತದೆ, ಅದರಲ್ಲೂ ನಮ್ಮ ಸೀಮೆಯಲ್ಲಿ.

ನಂದಿಬೆಟ್ಟದ ಸಾಲಿನಲ್ಲಿ ಹುಟ್ಟಿ ಹಿಂದೂಪುರದ ಮಗ್ಗುಲಲ್ಲಿ ಹಾದು ಹೋಗುವ ನಮ್ಮ ಪಿನಾಕಿನಿ ಕೊನೆಗೆ ಸಮುದ್ರ ಸೇರುವುದು ನೆಲ್ಲೂರು ಜಿಲ್ಲೆಯಲ್ಲಿ. ಭಾರತದಲ್ಲಿ ಫ್ಲೋರೋಸಿಸ್ ಮೊದಲು ಗುರುತಾದದ್ದೂ ಆ ಕಡೆಯೇ. ಉಳುವ ಎತ್ತುಗಳು ಕಾಲು ಎತ್ತಿಡಲಾರದಾದವು ಎಂದು ಮೊದಲು ಗಮನಿಸಿದವರು ರೈತರು. 1937ರಲ್ಲಿ ಶಾರ್ಟ್ ಮತ್ತು ಸಂಗಡಿಗರು ಮದರಾಸು ಪ್ರಾಂತ್ಯದ ಈ ಬೇನೆಯನ್ನು ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಿಸಿದರು. ನದಿಯ ಕೆಳದಂಡೆಯಲ್ಲಿ ಕಂಡ ಬೇನೆ ಮೇಲ್ದಂಡೆಯಲ್ಲೂ ಇತ್ತು. ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗ, ಗಡಿಯಾಚೆಗೆ ಪಾವಗಡ: ಇಡೀ ಪಟ್ಟಿಯಲ್ಲಿ ಬೋರ್‌ವೆಲ್ ಆಳಕ್ಕೆ ಹೋದ ಹಾಗೆ ಹಲ್ಲಿನ ಕಂದು ಪಟ್ಟೆ, ಬಗ್ಗಿದ ಬೆನ್ನು ಮನೆಮನೆಯ ಮಾತಾದವು. ಬಂಡೆಯೇ ಇದರ ಮೂಲ. ನಮ್ಮ ಗ್ರಾನೈಟು, ನೈಸ್ ಶಿಲೆಗಳಲ್ಲಿ ಫ್ಲೋರೈಟ್, ಅಪಟೈಟ್, ಕರಿ ಅಭ್ರಕ ಇವೆ. ಬಂಡೆಯ ಬಿರುಕಿನಲ್ಲಿ ವರ್ಷಗಟ್ಟಲೆ ನಿಂತ ನೀರು ಅವುಗಳಿಂದ ಫ್ಲೋರೈಡ್ ಬಿಡಿಸಿಕೊಳ್ಳುತ್ತದೆ.

ಇಲ್ಲೊಂದು ವಿಚಿತ್ರ ನೋಡು. ನಮ್ಮ ಹೆಂಗಸರು ನೀರನ್ನು ಅಳೆಯುವುದು ಬೇಳೆ ಬೇಯುತ್ತದೆಯೇ, ಸೋಪು ನೊರೆ ಬರುತ್ತದೆಯೇ ಎಂದು. ಅದು ಒಳ್ಳೆಯ ಪರೀಕ್ಷೆಯೇ. ಆದರೆ ಅದು ಅಳೆಯುವುದು ಕ್ಯಾಲ್ಸಿಯಂ ಮೆಗ್ನೀಸಿಯಂಗಳ ಗಡಸುತನವನ್ನು. ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಫ್ಲೋರೈಡ್ ಕ್ಯಾಲ್ಸಿಯಂ ಫ್ಲೋರೈಡ್ ಆಗಿ ಕೆಳಗಿಳಿಯುತ್ತದೆ, ನೀರಿನಲ್ಲಿ ಒಂದು ಮಟ್ಟಕ್ಕಿಂತ ಮೇಲೇರುವುದು ಕಷ್ಟ. ಕ್ಯಾಲ್ಸಿಯಂ ಕಡಿಮೆಯಿದ್ದು ಸೋಡಿಯಂ ಬೈಕಾರ್ಬೊನೇಟ್ ಹೆಚ್ಚಿರುವ ನೀರಿನಲ್ಲಿ ಆ ತಡೆಯಿಲ್ಲ. ಅಂದರೆ ಬೇಳೆ ಬೇಗ ಬೇಯುವ, ಕುಡಿಯಲು ಹಿತವಾದ ನೀರೇ ಕೆಲವೊಮ್ಮೆ ಹೆಚ್ಚು ಅಪಾಯದ್ದು. ಫ್ಲೋರೈಡಿಗೆ ಆ ಪ್ರಮಾಣದಲ್ಲಿ ರುಚಿಯಿಲ್ಲ, ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೆ ಹೋಗುವುದಿಲ್ಲ, ನೀರು ಇಂಗಿ ಅದರ ಪ್ರಮಾಣ ಏರುತ್ತದೆ. ನಾಲಗೆ ಸೋಲುವ ಇಂಥ ಕಡೆಯೇ ನಮ್ಮ ಶಾಸ್ತ್ರದ ಕೆಲಸ ಶುರು.

ನಮ್ಮ ಕುಡಿಯುವ ನೀರಿನ ಮಾನದಂಡ ಐಎಸ್ 10500. ಅದರ ಪ್ರಕಾರ ಫ್ಲೋರೈಡ್ ಲೀಟರಿಗೆ 1.0 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಒಂದಕ್ಕೂ ಒಂದೂವರೆಗೂ ನಡುವೆ ಎಷ್ಟು ಅಂತರ? ಸಾವಿರ ಲೀಟರಿನ ಟ್ಯಾಂಕಿನಲ್ಲಿ ಅರ್ಧ ಗ್ರಾಂ. ಇಷ್ಟು ಸಣ್ಣದನ್ನು ನಂಬಿಕೆಯಿಂದ ಹೇಳಬೇಕಾದರೆ ಕೈ ಶುದ್ಧವಿರಬೇಕು.

ಆದ್ದರಿಂದ ಯಾರಾದರೂ ನೀರು ತಂದುಕೊಟ್ಟರೆ ಮೊದಲು ಬಾಟಲಿ ನೋಡು. ಹಳ್ಳಿಯಿಂದ ಬರುವುದು ಸಾಮಾನ್ಯವಾಗಿ ತಂಪು ಪಾನೀಯದ ಖಾಲಿ ಬಾಟಲಿ. ಕೋಲಾದಲ್ಲಿ ಫಾಸ್ಫಾರಿಕ್ ಆಮ್ಲವಿರುತ್ತದೆ; ತಳದಲ್ಲಿ ಉಳಿದ ಫಾಸ್ಫೇಟು ಬಣ್ಣದ ಪರೀಕ್ಷೆಯಲ್ಲಿ ಫ್ಲೋರೈಡಿನ ಹಾಗೆ ನಟಿಸುತ್ತದೆ. ತಂದವರ ಮೇಲೆ ರೇಗಬೇಡ. ಶುದ್ಧವಾದ ಪಾಲಿಥಿನ್ ಬಾಟಲಿ ನೀನೇ ಕೊಟ್ಟು ಕಳಿಸು, ಆದರೆ ನೀನೇ ಹೋಗುವುದು ಇನ್ನೂ ಮೇಲು. ಮೋಟರು ಹಾಕಿ ಪೈಪಿನಲ್ಲಿ ನಿಂತ ನೀರೆಲ್ಲ ಹರಿದುಹೋಗಲಿ. ಅದೇ ನೀರಿನಲ್ಲಿ ಬಾಟಲಿಯನ್ನು ಎರಡು ಮೂರು ಸಲ ಗಲಬರಿಸಿ ತುಂಬು. ಯಾವ ಬೋರು, ಎಷ್ಟು ಅಡಿ, ಯಾವ ದಿನ, ಮಳೆ ಬಿದ್ದು ಎಷ್ಟು ದಿನ, ಎಲ್ಲವನ್ನೂ ಅಲ್ಲೇ ಬಾಟಲಿಯ ಮೈಮೇಲೆ ಬರೆ. ಮುಚ್ಚಳದ ಮೇಲೆ ಬರೆಯಬೇಡ, ಮುಚ್ಚಳಗಳು ಅದಲುಬದಲಾಗುತ್ತವೆ. ಅದೇ ನೀರಿನಲ್ಲಿ ಸೀಸ, ಕಬ್ಬಿಣದಂಥ ಲೋಹಗಳನ್ನೂ ನೋಡಬೇಕೆಂದಿದ್ದರೆ ಇನ್ನೊಂದು ಬಾಟಲಿ ಬೇಕು, ಅದಕ್ಕೆ ನೈಟ್ರಿಕ್ ಆಮ್ಲ ಬೆರೆಸಬೇಕು, ಇಲ್ಲವಾದರೆ ಲೋಹ ಬಾಟಲಿಯ ಗೋಡೆಗೆ ಅಂಟಿ ಕುಳಿತುಬಿಡುತ್ತದೆ. ಲ್ಯಾಬಿನಲ್ಲಿ ಲಕ್ಷಾಂತರ ರೂಪಾಯಿಯ ಯಂತ್ರವಿದೆ ಎಂದು ಹೆಮ್ಮೆಪಡುವವರು ಬಾಟಲಿಯ ಬಗ್ಗೆ ಮಾತೇ ಆಡುವುದಿಲ್ಲ. ನನಗೆ ಅವರ ವರದಿ ಓದಲು ಮನಸ್ಸು ಬರುವುದಿಲ್ಲ.

ಈಗ ಪರೀಕ್ಷೆ. ಸ್ಪಾಡ್ನ್ಸ್ ವಿಧಾನವನ್ನು ನಿಮಗೆ ಕಲಿಸಿರುತ್ತಾರೆ. ಜಿರ್ಕೋನಿಯಂ ಮತ್ತು ಒಂದು ಕೆಂಪು ಬಣ್ಣ ಜೋಡಿಯಾಗಿರುವ ದ್ರಾವಣ ಅದು. 50 ಮಿಲಿಲೀಟರ್ ನೀರಿಗೆ 10 ಮಿಲಿಲೀಟರ್ ದ್ರಾವಣ ಹಾಕಿದರೆ, ನೀರಿನಲ್ಲಿರುವ ಫ್ಲೋರೈಡ್ ಆ ಜೋಡಿಯನ್ನು ಒಡೆದು ಜಿರ್ಕೋನಿಯಂ ಅನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಕೆಂಪು ಇಳಿಯುತ್ತದೆ. ಫ್ಲೋರೈಡ್ ಹೆಚ್ಚಿದಷ್ಟೂ ಬಣ್ಣ ತೆಳು. ಬಣ್ಣ ಎಷ್ಟು ತೆಳುವಾಯಿತು ಎಂದು 570 ನ್ಯಾನೋಮೀಟರ್ ಬೆಳಕಿನಲ್ಲಿ ಅಳೆದು, ಗೊತ್ತಿರುವ ಪ್ರಮಾಣದ ದ್ರಾವಣಗಳಿಂದ ಎಳೆದ ಗೆರೆಯ ಮೇಲೆ ಹಿಡಿದು ನೋಡುತ್ತೇವೆ. ನೋಡಲು ಸುಲಭ. ಆದರೆ ಇಲ್ಲಿ ದ್ರಾವಣದ ಬಣ್ಣವೇ ಉತ್ತರ, ಆದ್ದರಿಂದ ಪಿಪೆಟ್ಟಿನಲ್ಲಿ ಒಂದೆರಡು ಹನಿ ಹೆಚ್ಚು ಬಿದ್ದರೂ ಫ್ಲೋರೈಡ್ ಕಡಿಮೆ ಎಂದು ತೋರುತ್ತದೆ. ಮಾದರಿಯೂ ಸ್ಟ್ಯಾಂಡರ್ಡೂ ಒಂದೇ ಉಷ್ಣತೆಯಲ್ಲಿರಬೇಕು. ಬಿಸಿಲಿನಲ್ಲಿ ಬಸ್ಸಿನಿಂದ ಇಳಿದ ಬಾಟಲಿಯನ್ನು ಹಾಗೇ ಸುರಿಯಬೇಡ. ಗೆರೆ 1.4 ಮಿಲಿಗ್ರಾಂವರೆಗೆ ಮಾತ್ರ ಎಳೆದಿದ್ದೀಯ, ಮಾದರಿ ಅದಕ್ಕೂ ಮೇಲೆ ಹೋಯಿತು ಎಂದುಕೋ. ಗೆರೆಯನ್ನು ಗಾಳಿಯಲ್ಲಿ ಉದ್ದ ಮಾಡಬೇಡ. ನೀರನ್ನು ತೆಳು ಮಾಡಿ ಮತ್ತೆ ಅಳೆ, ಬಂದ ಅಂಕಿಯನ್ನು ಗುಣಿಸು.

ನಾನು ಹೆಚ್ಚು ಹೊತ್ತು ನಿಂತು ಹೇಳಬೇಕೆಂದಿರುವ ವಿಷಯ ಇಲ್ಲಿದೆ. ಫ್ಲೋರೈಡ್ ತೆಗೆಯಲು ನಮ್ಮ ದೇಶದ್ದೇ ಒಂದು ಅಗ್ಗದ ದಾರಿಯಿದೆ: ನಾಗಪುರದ ನೀರಿ ಸಂಸ್ಥೆ ರೂಪಿಸಿದ ನಲ್ಗೊಂಡ ವಿಧಾನ. ಪಟಿಕ ಮತ್ತು ಸುಣ್ಣ ಹಾಕಿ ಕಲಕಿ ಬಿಟ್ಟರೆ ಅಲ್ಯೂಮಿನಿಯಂ ಗಷ್ಟು ಫ್ಲೋರೈಡನ್ನು ಹಿಡಿದು ತಳಕ್ಕೆ ಕೂರುತ್ತದೆ. ಸಂಸ್ಕರಿಸಿದ ನೀರನ್ನು ನಿನ್ನ ಹತ್ತಿರ ತರುತ್ತಾರೆ, ನೀನು ಸ್ಪಾಡ್ನ್ಸ್ ಹಾಕುತ್ತೀಯ, 0.9 ಬರುತ್ತದೆ, ಎಲ್ಲರಿಗೂ ಸಂತೋಷ. ಆದರೆ ಆ ನೀರಿನಲ್ಲಿ ಚೂರು ಅಲ್ಯೂಮಿನಿಯಂ ಉಳಿದಿರುತ್ತದೆ. ಲೀಟರಿಗೆ 0.1 ಮಿಲಿಗ್ರಾಂ ಉಳಿದಿದ್ದರೂ ಸಾಕು, ಒಂದು ಮಿಲಿಗ್ರಾಂ ಫ್ಲೋರೈಡಿನಲ್ಲಿ ಹತ್ತರಲ್ಲೊಂದು ಪಾಲನ್ನು ಅದು ಮುಚ್ಚಿಟ್ಟುಕೊಳ್ಳುತ್ತದೆ. ನಿನ್ನ ಜಿರ್ಕೋನಿಯಂಗೆ ಅದು ಸಿಗುವುದಿಲ್ಲ. ಅಂದರೆ ಶುದ್ಧೀಕರಣ ಕೆಟ್ಟು ಅಲ್ಯೂಮಿನಿಯಂ ಹೆಚ್ಚು ಉಳಿದಷ್ಟೂ ನಿನ್ನ ವರದಿ ಹೆಚ್ಚು ಚೆನ್ನಾಗಿ ಕಾಣುತ್ತದೆ! ಘಟಕ ನಡೆಸುವವನಿಗೂ ಖುಷಿ, ನಿನಗೂ ಬೇಗ ಮನೆಗೆ ಹೋಗಬಹುದು. ಕುಡಿಯುವ ಮಗುವಿಗೆ ಮಾತ್ರ ಫ್ಲೋರೈಡೂ ಅಲ್ಯೂಮಿನಿಯಂ ಕೂಡ.

ಇದಕ್ಕೆ ಪರಿಹಾರ ಫ್ಲೋರೈಡ್ ಎಲೆಕ್ಟ್ರೋಡ್. 1966ರಲ್ಲಿ ಅಮೆರಿಕದ ಫ್ರಾಂಟ್ ಮತ್ತು ರಾಸ್ ಲ್ಯಾಂಥನಂ ಫ್ಲೋರೈಡಿನ ಒಂದೇ ಹರಳನ್ನು ತುದಿಗೆ ಕೂರಿಸಿ ಇದನ್ನು ಮಾಡಿದರು. ಆ ಹರಳಿನ ಮೂಲಕ ಫ್ಲೋರೈಡ್ ಅಯಾನು ಮಾತ್ರ ಜಿಗಿಯಬಲ್ಲದು. ಪ್ರಮಾಣ ಹತ್ತು ಪಟ್ಟು ಏರಿದರೆ 25 ಡಿಗ್ರಿಯಲ್ಲಿ ಸುಮಾರು 59 ಮಿಲಿವೋಲ್ಟ್ ಇಳಿಯುತ್ತದೆ. ಅಳೆಯುವ ಮೊದಲು ನೀರಿಗೆ ಟಿಸಾಬ್ ಎಂಬ ಬಫರ್ ಸೇರಿಸುತ್ತಾರೆ. ಅದರಲ್ಲಿರುವ ಸಿಡಿಟಿಎ ಅಲ್ಯೂಮಿನಿಯಂನ ಕೈ ಬಿಡಿಸಿ ಫ್ಲೋರೈಡನ್ನು ಹೊರಗೆ ತರುತ್ತದೆ. ಪಟಿಕ ಹಾಕಿದ ನೀರು ಬಂದಾಗ ಎಲೆಕ್ಟ್ರೋಡ್ ಬಿಟ್ಟು ಬೇರೆ ದಾರಿ ಹಿಡಿಯಬೇಡ. ಅದಿಲ್ಲದಿದ್ದರೆ ಮೊದಲು ಬಟ್ಟಿ ಇಳಿಸು. ವಿಧಾನ ಆರಿಸುವ ಮೊದಲು ನೀರಿನ ಹಿಂದಿನ ಬದುಕು ಕೇಳಬೇಕು: ಎಲ್ಲಿಂದ ಬಂತು, ಯಾರು ಏನು ಹಾಕಿದರು, ಯಾವ ಪಾತ್ರೆಯಲ್ಲಿ ಕಾಯಿತು. ವೈದ್ಯರು ರೋಗಿಯನ್ನು ಕೇಳುವ ಹಾಗೆ.

ಕೇಳದ ಪ್ರಶ್ನೆಗೆ ಯಂತ್ರ ಉತ್ತರ ಕೊಡುವುದಿಲ್ಲ ಎನ್ನುವುದಕ್ಕೆ ಬಾಂಗ್ಲಾದೇಶ ದೊಡ್ಡ ಪಾಠ. ಕೆರೆಕುಂಟೆಯ ಕೊಳಕು ನೀರಿನ ಬದಲು ಕೊಳವೆಬಾವಿ ಕುಡಿಯಿರಿ ಎಂದು ಅಲ್ಲಿ ದಶಕಗಟ್ಟಲೆ ಬಾವಿ ಕೊರೆದರು. 1992ರಲ್ಲಿ ಬ್ರಿಟಿಷ್ ಭೂವಿಜ್ಞಾನ ಸರ್ವೇಕ್ಷಣೆ ಅಲ್ಲಿನ ಕೆಲವು ಬಾವಿಗಳ ನೀರನ್ನು ವಿಶ್ಲೇಷಿಸಿತು. ಹಲವು ಧಾತುಗಳ ಪಟ್ಟಿಯಿತ್ತು, ಆರ್ಸೆನಿಕ್ ಆ ಪಟ್ಟಿಯಲ್ಲಿರಲಿಲ್ಲ. ಅಳೆದದ್ದೆಲ್ಲ ಸರಿಯಾಗಿಯೇ ಅಳೆದಿದ್ದರೇನೋ, ಆದರೆ ಕೋಟ್ಯಂತರ ಜನ ಕುಡಿಯುತ್ತಿದ್ದ ವಿಷ ಆ ಹಾಳೆಯಲ್ಲಿ ಕಾಣಿಸಲಿಲ್ಲ. ವಿಷಯ ಇಂಗ್ಲೆಂಡಿನ ಕೋರ್ಟಿಗೂ ಹೋಯಿತು. 2006ರಲ್ಲಿ ಹೌಸ್ ಆಫ್ ಲಾರ್ಡ್ಸ್ ದಾವೆಯನ್ನು ತಳ್ಳಿಹಾಕಿತು. ಕಾನೂನಿನ ತೀರ್ಪು ಹಾಗಿರಲಿ. ನೀನು ವರದಿ ಬರೆಯುವಾಗ ಏನನ್ನು ಅಳೆದಿಲ್ಲ ಎನ್ನುವುದನ್ನೂ ಒಂದು ಸಾಲಿನಲ್ಲಿ ಹಾಕು. ಅದಕ್ಕೆ ಖರ್ಚಿಲ್ಲ.

ಅಳೆದದ್ದು ಒಂದು, ಹೇಳಿದ್ದು ಇನ್ನೊಂದು ಆಗುವ ಅಪಾಯವೂ ಇದೆ. 1883ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಕೆಲ್ಡಾಲ್ ಕಂಡುಹಿಡಿದ ವಿಧಾನ ಈಗಲೂ ಪ್ರೋಟೀನಿಗೆ ಆಧಾರ. ಅದು ಅಳೆಯುವುದು ನೈಟ್ರೋಜನ್. ನಾವು ಒಂದು ಸಂಖ್ಯೆಯಿಂದ ಗುಣಿಸಿ ಪ್ರೋಟೀನ್ ಎನ್ನುತ್ತೇವೆ. ತೂಕದ ಮೂರನೇ ಎರಡು ಪಾಲು ನೈಟ್ರೋಜನ್ನೇ ಆಗಿರುವ ಮೆಲಮೈನನ್ನು ನೀರು ಬೆರೆಸಿದ ಹಾಲಿಗೆ ಹಾಕಿದವರಿಗೆ ಇದು ಚೆನ್ನಾಗಿ ಗೊತ್ತಿತ್ತು. 2008ರಲ್ಲಿ ಚೀನಾದಲ್ಲಿ ಆರು ಹಸುಗೂಸುಗಳು ಸತ್ತವು, ಸುಮಾರು ಮೂರು ಲಕ್ಷ ಮಕ್ಕಳು ಕಾಯಿಲೆ ಬಿದ್ದರು. ಕೆಮಿಸ್ಟ್ರಿ ಕಲಿತವರೇ ಆ ಮೋಸಕ್ಕೆ ದಾರಿ ತೋರಿಸಿರಬೇಕು, ಬೇರೆಯವರಿಗೆ ಅದು ಹೊಳೆಯುವಂಥದ್ದಲ್ಲ.

ಕಲ್ಯಾಣದುರ್ಗದ ಕಡೆಯ ಕಡಲೆಕಾಯಿಯ ವಿಚಾರ ಹೇಳದಿದ್ದರೆ ನಮ್ಮ ಜಿಲ್ಲೆಯ ಋಣ ತೀರದು. ಕಾಯಿ ಬಲಿಯುವ ಹೊತ್ತಿಗೆ ಮಳೆ ಕೈಕೊಟ್ಟರೆ ನೆಲದೊಳಗಿನ ಆಸ್ಪರ್ಜಿಲಸ್ ಶಿಲೀಂಧ್ರ ಬೀಜಕ್ಕೆ ನುಗ್ಗಿ ಅಫ್ಲಟಾಕ್ಸಿನ್ ಮಾಡುತ್ತದೆ, ಯಕೃತ್ತಿಗೆ ಕ್ಯಾನ್ಸರ್ ತರುವ ವಿಷ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತಾಗ ಬ್ರೆಜಿಲಿನಿಂದ ಬಂದ ಕಡಲೆಕಾಯಿ ಹಿಂಡಿಯಲ್ಲಿ ಇದು ಸಿಕ್ಕಿಬಿತ್ತು. ಅಲ್ಟ್ರಾವಯಲೆಟ್ ದೀಪದಡಿ ಒಂದು ಬಗೆ ನೀಲಿಯಾಗಿ, ಇನ್ನೊಂದು ಬಗೆ ಹಸಿರಾಗಿ ಹೊಳೆಯುತ್ತದೆ. ಈಗ ಎಚ್‌ಪಿಎಲ್‌ಸಿ ಇದೆ. ಪಟಾಂಚೆರುವಿನ ಇಕ್ರಿಸಾಟ್ ಅಗ್ಗದ ಎಲೈಸಾ ಪರೀಕ್ಷೆಯನ್ನೂ ಮಾಡಿಕೊಟ್ಟಿದೆ. ತಿನ್ನಲು ಸಿದ್ಧವಾದ ಬೀಜಕ್ಕೆ ನಮ್ಮ ಮಿತಿ ಕೆ.ಜಿ.ಗೆ 10 ಮೈಕ್ರೋಗ್ರಾಂ, ಯುರೋಪಿನದು 4. ಅಲ್ಲಿ ತಿರಸ್ಕಾರವಾದರೆ ಇಡೀ ಕಂಟೇನರ್ ವಾಪಸ್.

ಈಗ ಒಂದು ಲೆಕ್ಕ ಮಾಡು. ಕೆಟ್ಟ ಒಂದೇ ಬೀಜದಲ್ಲಿ ಗ್ರಾಮಿಗೆ ಒಂದು ಮಿಲಿಗ್ರಾಂ ಅಫ್ಲಟಾಕ್ಸಿನ್ ಇರುವುದುಂಟು. ಬೀಜದ ತೂಕ ಅರ್ಧ ಗ್ರಾಂ ಎಂದುಕೊಂಡರೆ ಅದರಲ್ಲಿ 500 ಮೈಕ್ರೋಗ್ರಾಂ. ಹತ್ತು ಕೆ.ಜಿ. ಬೀಜದಲ್ಲಿ ಅದೊಂದೇ ಕೆಟ್ಟದ್ದು, ಉಳಿದ ಸುಮಾರು ಇಪ್ಪತ್ತು ಸಾವಿರ ಬೀಜ ಶುದ್ಧ ಎಂದುಕೋ. ಸರಾಸರಿ ಕೆ.ಜಿ.ಗೆ 50 ಮೈಕ್ರೋಗ್ರಾಂ, ಅಂದರೆ ಮಿತಿಯ ಐದು ಪಟ್ಟು. ಆ ಹತ್ತು ಕೆ.ಜಿ.ಯನ್ನು ಕಾಲು ಕೆ.ಜಿ.ಯ ನಲವತ್ತು ಪೊಟ್ಟಣ ಕಟ್ಟಿ ನಲವತ್ತು ಲ್ಯಾಬಿಗೆ ಕಳಿಸಿದರೆ ಮೂವತ್ತೊಂಬತ್ತು ಲ್ಯಾಬು 'ಅಫ್ಲಟಾಕ್ಸಿನ್ ಇಲ್ಲ' ಎನ್ನುತ್ತವೆ. ಒಂದು ಮಾತ್ರ 'ಕೆ.ಜಿ.ಗೆ 2,000' ಎಂದು ಕಿರುಚುತ್ತದೆ. ನಲವತ್ತರಲ್ಲಿ ಒಂದೂ ತಪ್ಪು ಅಳತೆಯಲ್ಲ. ಎಲ್ಲ ಯಂತ್ರಗಳೂ ನಿಖರ, ಆದರೂ ಯಾರಿಗೂ ಮೂಟೆಯ ಸತ್ಯ ತಿಳಿಯಲಿಲ್ಲ. ಮೂಟೆಯ ಮೇಲುಭಾಗದಿಂದ ಒಂದು ಹಿಡಿ ತೆಗೆದು ಕಳಿಸುವ ವರ್ತಕನಿಗೆ ಈ ಲೆಕ್ಕ ಹೇಳು. ಹಲವು ಮೂಟೆಗಳಿಂದ, ಮೇಲೆ ನಡುವೆ ತಳದಿಂದ, ಕೆ.ಜಿ.ಗಟ್ಟಲೆ ತೆಗೆಯಬೇಕು, ಎಲ್ಲವನ್ನೂ ಒಟ್ಟಿಗೆ ನುಣ್ಣಗೆ ಅರೆದು ಬೆರೆಸಿ, ಆಮೇಲೆ ಅದರಿಂದ ಚೂರು ತೂಗಬೇಕು. ಬೆವರು ಸುರಿಯುವ ಕೆಲಸ, ಪೇಪರಿನಲ್ಲಿ ಒಂದು ಸಾಲೂ ಬರುವುದಿಲ್ಲ. ನಮ್ಮ ಶಾಸ್ತ್ರದ ಮುಕ್ಕಾಲು ಪಾಲು ಇದೇ.

ಗಾಜಿನ ಕೊಳವೆಗಳನ್ನು ಕೀಳಾಗಿ ನೋಡಬೇಡ. ನಿನ್ನ ಸಹಪಾಠಿಗಳಿಗೆ ಟೈಟ್ರೇಷನ್ ಎಂದರೆ ಪಿಯುಸಿಯ ಆಟ. ಸಂಜೆ ಕರೆಂಟು ಹೋದಾಗ ನಿನ್ನ ಹತ್ತಿರ ಉಳಿಯುವುದು ಅದೇ. 50 ಮಿಲಿಲೀಟರ್ ನೀರಿಗೆ ಅಮೋನಿಯಾ ಬಫರ್ ಹಾಕಿ, ಎರಿಯೋಕ್ರೋಮ್ ಬ್ಲ್ಯಾಕ್ ಟಿ ಚಿಟಿಕೆ ಬೆರೆಸು. ದ್ರಾಕ್ಷಿ ಕೆಂಪು ಬರುತ್ತದೆ. ಬ್ಯುರೆಟ್ಟಿನಿಂದ 0.01 ಮೋಲಾರ್ ಇಡಿಟಿಎ ಇಳಿಸುತ್ತ ಹೋಗು. ಕೆಂಪು ನೇರಳೆಗೆ ತಿರುಗಿದಾಗ ನಲ್ಲಿ ಬಿಗಿಮಾಡಿ ಹನಿಹನಿಯಾಗಿ ಬಿಡು, ಪ್ರತಿ ಹನಿಗೂ ಕಲಕಿ ಕಾಯು. ನೇರಳೆಯಲ್ಲಿದ್ದ ಕೊನೆಯ ಕೆಂಪು ಛಾಯೆ ಒಂದು ಹನಿಗೆ ಮಾಯವಾಗಿ ಸ್ವಚ್ಛ ನೀಲಿ ಉಳಿಯುತ್ತದೆ. ಅಲ್ಲಿ ನಿಲ್ಲು. 15.0 ಮಿಲಿಲೀಟರ್ ಖರ್ಚಾಗಿದ್ದರೆ ಇಪ್ಪತ್ತರಿಂದ ಗುಣಿಸು: ಲೀಟರಿಗೆ 300 ಮಿಲಿಗ್ರಾಂ ಗಡಸುತನ. ಮಾನದಂಡದಲ್ಲಿ 200 ಒಳ್ಳೆಯದು, 600 ಕೊನೆಯ ಗಡಿ. ಮೂರು ಸಲ ಮಾಡು. ಮೂರೂ ಹತ್ತಿರ ಬರಲಿ. ಹತ್ತಿರ ಬಂದರೆ ನಿನ್ನ ಕೈ ಸ್ಥಿರವಾಗಿದೆ ಎಂದಷ್ಟೇ ಅರ್ಥ. ಅಂಕಿ ಸರಿಯೋ ಎಂದು ತಿಳಿಯಲು ಗೊತ್ತಿರುವ ಸ್ಟ್ಯಾಂಡರ್ಡನ್ನು ಅದೇ ದಿನ, ಅದೇ ಬಾಟಲಿಯ ಇಡಿಟಿಎಯಲ್ಲಿ ಮಾಡಬೇಕು. ಬಟ್ಟಿ ಇಳಿಸಿದ ನೀರನ್ನೂ ಬ್ಲ್ಯಾಂಕಾಗಿ ಮಾಡಬೇಕು. ಅವಸರವಿದೆ ಎಂದು ಬ್ಲ್ಯಾಂಕ್ ಬಿಡುವ ದಿನವೇ ಬ್ಲ್ಯಾಂಕ್ ಕೆಟ್ಟಿರುತ್ತದೆ.

ಅಂಕಿ ಬರೆಯುವಾಗ ಜಂಬ ಬೇಡ. ಕಂಪ್ಯೂಟರು 1.5873 ಎಂದು ತೋರಿಸಿದರೆ ನೀನು 1.6 ಎಂದು ಬರೆ, ಜೊತೆಗೆ ಹೆಚ್ಚು ಕಡಿಮೆ ಎಷ್ಟಿರಬಹುದು ಎನ್ನುವುದನ್ನೂ. 'ಇಲ್ಲ' ಎಂದು ಎಂದೂ ಬರೆಯಬೇಡ. 'ಇಷ್ಟಕ್ಕಿಂತ ಕಡಿಮೆ' ಎಂದು ಬರೆ, ನಿನ್ನ ವಿಧಾನ ಎಲ್ಲಿಯವರೆಗೆ ಕಾಣಬಲ್ಲದೋ ಅಷ್ಟು. ಗಡಿಯ ಮೇಲೆಯೇ ಬಂದು ಕೂರುವ 1.5ರಂಥ ಅಂಕಿಗಳು ನಿನ್ನನ್ನು ಕಾಡುತ್ತವೆ. 1.4 ಎಂದು ಬರೆ ಎಂದು ಒಬ್ಬರು ನಗುನಗುತ್ತ ಹೇಳುತ್ತಾರೆ, 1.6 ಎಂದು ಬರೆದರೆ ಹೊಸ ಫಿಲ್ಟರ್ ಬರುತ್ತದೆ ಎಂದು ಇನ್ನೊಬ್ಬರು. ಎರಡನೆಯವರ ಉದ್ದೇಶ ಒಳ್ಳೆಯದಿರಬಹುದು, ಆದರೂ ಬರೆಯಬೇಡ. ಒಳ್ಳೆಯ ಕಾರಣಕ್ಕೆ ತಿದ್ದಿದ ಕೈ ಆಮೇಲೆ ಕಾರಣ ಕೇಳುವುದನ್ನೇ ಬಿಡುತ್ತದೆ.

ವರದಿ ಇಂಗ್ಲಿಷಿನಲ್ಲಿರುತ್ತದೆ, ನೀರು ತಂದ ಅಜ್ಜಿಗೆ ಬೇಕಾದದ್ದು ಒಂದೇ: 'ಕುಡೀಬೋದಾ?' ನಮ್ಮ ಕಡೆ ಕನ್ನಡವೂ ತೆಲುಗೂ ಒಂದೇ ಮನೆಯಲ್ಲಿ ಓಡಾಡುತ್ತವೆ, ಯಾವುದರಲ್ಲಾದರೂ ಸರಿ, ಬಿಡಿಸಿ ಹೇಳು. ಈ ನೀರು ಪಾತ್ರೆ ತೊಳೆಯಲು, ಸ್ನಾನಕ್ಕೆ ಸರಿ. ಕುಡಿಯಲು, ಅಡುಗೆಗೆ ಬೇರೆ ತನ್ನಿ. ಮಕ್ಕಳ ಹಲ್ಲು ಹುಟ್ಟುವ ವಯಸ್ಸಿನಲ್ಲಿ ಇದನ್ನು ಕೊಡಲೇಬೇಡಿ. ಕುದಿಸಿದರೆ ಸರಿಹೋಗುತ್ತದೆ ಎಂದುಕೊಳ್ಳಬೇಡಿ. ಅಷ್ಟು ಹೇಳಲು ಐದು ನಿಮಿಷ ಸಾಕು.

ಅವರು ಹೋದ ಮೇಲೆ ಮಿಕ್ಕ ನೀರನ್ನು ಚೆಲ್ಲಿಬಿಡಬೇಡ. ಫ್ಲೋರೈಡಿನ ಮಾದರಿ ಪ್ಲಾಸ್ಟಿಕ್ ಬಾಟಲಿಯಲ್ಲಿ 28 ದಿನ ಕೆಡದೆ ಇರುತ್ತದೆ. ಚೀಟಿ ಕಾಣುವ ಹಾಗೆ ಕಪಾಟಿನಲ್ಲಿಡು. ಅಷ್ಟರೊಳಗೆ ಯಾರಾದರೂ ನಿನ್ನ ಅಂಕಿ ಸುಳ್ಳು ಎಂದು ಜಗಳಕ್ಕೆ ಬಂದರೆ ವಾದ ಮಾಡಬೇಡ. ಕುರ್ಚಿ ಹಾಕಿ ಕೂರಿಸಿ, ಅವರ ಕಣ್ಣೆದುರೇ ಬ್ಲ್ಯಾಂಕಿನಿಂದ ಶುರುಮಾಡಿ ಮತ್ತೊಮ್ಮೆ ಮಾಡು.